ಹುಡುಕಿದರೆ ಮಾತ್ರ ಸಿಗುವ ಬಸಲಿಂಗವ್ವ

ಮುಂಬಯಿಯ ವಡಾಳಾ ಸ್ಟೇಷನ್ನಿನಿಂದ ನಮ್ಮ ಆಂಟಾಪ್ ಹಿಲ್ ಕಾಲೊನಿಗೆ ನಡೆದು ಬರುವಾಗ, ಗೋದಾಮುಗಳ ಗೋಡೆ ಮುಗಿದ ಮೇಲೆ ಒಂದು ಹಳೆಯ ಬಾವಿ ಸಿಗುತ್ತದೆ. ಅದರಿಂದ ಈಗ ಯಾರೂ ನೀರು ಸೇದುವುದಿಲ್ಲ. ಬಾಯಿಗೆ ಕಬ್ಬಿಣದ ಜಾಳಿಗೆ ಹಾಕಿ ಬೀಗ ಜಡಿದಿದ್ದಾರೆ. ಜಾಳಿಗೆಯ ಮೇಲೆ ಚಿಪ್ಸ್ ಪಾಕೀಟು, ಒಣಗಿದ ಹಾರ, ಗಾಜು ಒಡೆದ ಗಣಪತಿ ಫೋಟೊ.

ಕಳೆದ ಮಳೆಗಾಲದ ಒಂದು ಶುಕ್ರವಾರ, ನಮ್ಮ ದೊಡ್ಡಪ್ಪನ ಮಗ ಗುರುಬಸವ ಆ ದಾರಿಯಲ್ಲಿ ಬರುತ್ತಿದ್ದ. ಹೊತ್ತು ಮೀರಿತ್ತು. ಮಳೆ ನಿಂತಿತ್ತು. ಗೋದಾಮಿನ ತಗಡಿನಿಂದ ಮಾತ್ರ ನೀರು ತೊಟ್ಟಿಕ್ಕುತ್ತಿತ್ತು... ಟಿಣ್... ಟಿಣ್...

ಮೊದಲೇ ಹೇಳಿಬಿಡುತ್ತೇನೆ. ದೆವ್ವದ ಕತೆ ಹೇಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ಅವರ ದೆವ್ವಕ್ಕೆ ಅಮಾವಾಸ್ಯೆಯೇ ಆಗಬೇಕು, ಬಿಳಿ ಸೀರೆಯೇ ಬೇಕು. ಪಾದ ಹಿಂದುಮುಂದಾಗಿರಬೇಕು. ನೋಡಿದವನ ವಿಳಾಸ ಕೇಳಿದರೆ ಬಾಯಿ ಮುಚ್ಚುತ್ತಾರೆ. ನಾನು ಸಂಖ್ಯಾಶಾಸ್ತ್ರ ಓದಿದವಳು. ಗುರುಬಸವನ ವಿಳಾಸ ಕೊಡುತ್ತೇನೆ, ಹೋಗಿ ಕೇಳಿ. ನಮ್ಮ ಕೆಳಗಿನ ಮಹಡಿಯಲ್ಲೇ ಇದ್ದಾನೆ.

ಬಾವಿ ಹತ್ತಿರ ಬಂತು. ಆಗ ಇನ್ನೊಂದು ಸಪ್ಪಳ ಕೇಳಿಸಿತು.

ಟಪ್... ಟಪ್... ಟಪ್...

ನೀರಿನ ಸಪ್ಪಳ ಅಲ್ಲ. ಅಂಗೈ ಅಗಲಿಸಿ ಹಿಟ್ಟಿನ ಮೇಲೆ ಬಡಿಯುವ ಸಪ್ಪಳ. ಮೂರು ಏಟು ಬಡಿದು, ಒಂದು ಸಲ ತಿರುಗಿಸಿ, ಮತ್ತೆ ಮೂರು. ಜೋಳದ ರೊಟ್ಟಿ ತಿಂದು ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ.

ಬಾವಿಯ ಕಟ್ಟೆಯ ಮೇಲೆ ಒಬ್ಬ ಹೆಂಗಸು ಕುಳಿತಿದ್ದಳು. ಬೆನ್ನು ಇತ್ತ ಕಡೆಗಿತ್ತು. ಹಸಿರು ಇಳಕಲ್ ಸೀರೆ. ಮುಂದೆ ಹಿಟ್ಟಿಲ್ಲ, ಹಂಚಿಲ್ಲ. ಬರಿಯ ಕಲ್ಲಿನ ಮೇಲೆ ಬಡಿಯುತ್ತಿದ್ದಳು.

"ಗುರುಬಸೂ..." ಪಿಸುದನಿ.

"ಯಾ... ಯಾರು?"

"ಯಾರಂತ ಕೇಳ್ತಿ? ದಿನಾ ಫೋನ್ ಹಚ್ಚಿ ಕರೀತೀರಲ್ಲ... ಆಕೀನs ನಾ."

"ಬಸಲಿಂಗವ್ವಾ... ನೀ ಸತ್ತು..."

"ಸತ್ತೇನಿ. ನನಗ ಗೊತ್ತೈತಿ. ನಿಮಗs ಗೊತ್ತಿಲ್ಲ."

ಟಪ್... ಟಪ್...

"ಸತ್ತಾಕಿನ್ನ ಕರೀತೀರಿ. ಇದ್ದಾವ್ರನ್ನ ಯಾಕ ಕರಿಯಂಗಿಲ್ಲ?"

"ಇದ್ದಾವ್ರು ಯಾರೂ ಸಿಗವಲ್ರು ಯವ್ವಾ... ಹುಡುಕೀವಿ..."

ಬಡಿಯುವ ಕೈ ನಿಂತಿತು.

"ಹುಡುಕೀರಿ? ಥೂ... ಏನ್ ಓದೀಯೋ ನೀ?"

ಓದಿದವನು ಓಡಿದ. ಒಂದು ಚಪ್ಪಲಿ ಅಲ್ಲೇ ಬಿಟ್ಟ. ಮನೆಗೆ ಬಂದು ಮೂಲೆ ಹಿಡಿದು ಕುಳಿತ. ದೊಡ್ಡಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟಿಗೆ ಇಡೀ ಮಹಡಿ ಕೆಮ್ಮಿತು. ಅದರಿಂದ ಬೇರೆ ಏನೂ ಪ್ರಯೋಜನವಾಗಲಿಲ್ಲ.

ಬಸಲಿಂಗವ್ವ ಯಾರೆಂದು ಹೇಳಬೇಕು.

ಸಿಂದಗಿ ಕಡೆಯವಳು. ಮದುವೆಯಾದ ವರ್ಷವೇ ಗಂಡನ ಜೊತೆ ಇಲ್ಲಿಗೆ ಬಂದು ಕಟ್ಟಡಗಳಲ್ಲಿ ಮರಳು ಹೊತ್ತಳು. ಸೊಂಟ ಹೋದ ಮೇಲೆ ನಮ್ಮ ಚಾಳಿನಲ್ಲೇ ರೊಟ್ಟಿ ಮಾಡಿ ಮಾರಿದಳು. ಅವಳ ರಕ್ತ ಬಾಂಬೆ ಗುಂಪಿನದು. ಸಾಧಾರಣ ಪರೀಕ್ಷೆಯಲ್ಲಿ ಓ ಎಂದೇ ಕಾಣುತ್ತದೆ, ಆದರೆ ಓ ಅಲ್ಲ. ಆ ಗುಂಪಿನವರಿಗೆ ಆ ಗುಂಪಿನದೇ ರಕ್ತ ಬೇಕು, ಬೇರೆ ಯಾವುದು ಕೊಟ್ಟರೂ ಜೀವಕ್ಕೆ ಅಪಾಯ. ಅಂಥವರು ಬಹಳ ವಿರಳ. ಫೋರ್ಟ್‌ನಲ್ಲಿರುವ ಒಂದು ಟ್ರಸ್ಟು ಎಲ್ಲ ಗುಂಪಿನ ದಾನಿಗಳ ಜೊತೆ ಇಂಥವರ ಹೆಸರನ್ನೂ ಇಟ್ಟುಕೊಂಡಿದೆ. ಬಸಲಿಂಗವ್ವನ ಹೆಸರೂ ಅಲ್ಲಿತ್ತು. ಕರೆದಾಗೆಲ್ಲ ಹೋಗಿ ಕೊಟ್ಟು, ಅವರು ಕೊಟ್ಟ ಬಿಸ್ಕೀಟನ್ನು ಸೆರಗಿಗೆ ಕಟ್ಟಿಕೊಂಡು ಬರುತ್ತಿದ್ದಳು. ಮೂರು ವರ್ಷದ ಹಿಂದೆ ಎದೆನೋವು ಬಂದು ತೀರಿಕೊಂಡಳು.

ಅವಳ ಮಗಳು ದಾನೇಶ್ವರಿ, ಗುರುಬಸವನ ಬಾಜೂ ಖೋಲಿಯವಳು. ಅವಳ ಗಂಡ ಯಲ್ಲಾಲಿಂಗ ಗೋಡೆ ಕಟ್ಟುವ ಗೌಂಡಿ. ದಾನೇಶ್ವರಿಗೂ ತಾಯಿಯದೇ ರಕ್ತ. ಆಗ ಅವಳಿಗೆ ಒಂಬತ್ತು ತಿಂಗಳು ತುಂಬಿತ್ತು. ಮಾಸು ಕೆಳಗೆ ಬಂದಿದೆ, ಸಿಜೇರಿಯನ್ ಆಗಬೇಕು, ರಕ್ತ ತುಂಬಾ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಸೋಮವಾರ ಬೆಳಗ್ಗೆ ಆಪರೇಷನ್. ಅದಕ್ಕೆ ಮೊದಲು ಬಾಂಬೆ ಗುಂಪಿನ ಒಂದು ಚೀಲವಾದರೂ ಆಸ್ಪತ್ರೆಯಲ್ಲಿ ಇರಬೇಕು. ಇಲ್ಲದಿದ್ದರೆ ಕೈ ಹಾಕುವುದಿಲ್ಲ ಎಂದಿದ್ದರು. ಕೈ ಹಾಕದಿದ್ದರೆ ಏನಾಗುತ್ತದೆ ಎಂಬುದನ್ನು ಅವರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಯಲ್ಲಾಲಿಂಗ ಟ್ರಸ್ಟಿಗೆ ಹೋಗಿ ಬರೆದುಕೊಟ್ಟು ಬಂದ. ಮರುದಿನ ದಾನೇಶ್ವರಿಯ ಕೈಯಲ್ಲಿದ್ದ ಫೋನು ಸದ್ದು ಮಾಡಿತು. ಅದು ತಾಯಿಯ ಹಳೆಯ ನಂಬರು. ರೊಟ್ಟಿಯ ಗಿರಾಕಿಗಳು ತಪ್ಪಿಹೋಗಬಾರದೆಂದು ಮಗಳು ಅದನ್ನು ಚಾಲೂ ಇಟ್ಟಿದ್ದಳು.

"ಬಸಲಿಂಗವ್ವ ಬೋಲ್ ರಹೀ ಹೈ?" ಟ್ರಸ್ಟಿನ ಹುಡುಗಿ.

"ಆಕಿ ಮಗಳು ನಾ. ಏನಾಗಬೇಕಿತ್ರಿ?"

"ಕನ್ನಡಾ? ಹಾಂ, ನನಗೂ ಥೋಡಾ ಬರ್ತದೆ. ನಿಮ್ಮ ಮಮ್ಮೀ ಬ್ಲಡ್ ಕೊಡಬೇಕು. ಅರ್ಜಂಟ್ ಇದೆ. ಪೇಷಂಟ್ ಆಂಟಾಪ್ ಹಿಲ್‌ದು, ನಿಮ್ಮ ಏರಿಯಾನೇ."

"ಪೇಷಂಟ್ ಹೆಸರೇನ್ರಿ?"

"ಏಕ್ ಮಿನಿಟ್... ದಾನೇಶ್ವರಿ ಯಲ್ಲಾಲಿಂಗ."

ದಾನೇಶ್ವರಿ ಫೋನನ್ನು ಇನ್ನೊಂದು ಕಿವಿಗೆ ಹಿಡಿದಳಂತೆ.

"ನಮ್ಮವ್ವ ಸತ್ತಾಳ್ರಿ. ನಿಮ್ಮ ಆಫೀಸಿಗೆ ಚೀಟಿ ಕೊಟ್ಟೀವಿ."

"ಐಸಾ ಕ್ಯಾ? ಸಿಸ್ಟಮ್‌ದಲ್ಲಿ ಎಲಿಜಿಬಲ್ ಅಂತ ತೋರಿಸ್ತದೆ..."

ಮರುದಿನ ಮತ್ತೆ ಫೋನು. ಅದರ ಮರುದಿನವೂ. ಅದೇ ಹುಡುಗಿ, ಅದೇ ಮಾತು. ಆ ಹುಡುಗಿ ಹುಡುಕುತ್ತಿದ್ದಳು, ಪರದೆಯ ಮೇಲೆ ಒಂದೇ ಹೆಸರು ಬರುತ್ತಿತ್ತು, ಫೋನು ಮಾಡುತ್ತಿದ್ದಳು. ನಿನ್ನೆ ಕೇಳಿದ್ದನ್ನು ನೆನಪಿಡುವುದು ಅವಳ ಕೆಲಸದಲ್ಲಿ ಸೇರಿರಲಿಲ್ಲ ಎಂದು ಕಾಣುತ್ತದೆ.

ಈ ಟ್ರಸ್ಟಿನ ಸಿಸ್ಟಮ್ಮನ್ನು ಮಾಡಿಕೊಟ್ಟದ್ದು ಗುರುಬಸವನ ಆಫೀಸು. ಜೋಗೇಶ್ವರಿಯಲ್ಲಿ ಹಿಂದೆ ಬೋಲ್ಟು ನಟ್ಟು ತಯಾರಿಸುತ್ತಿದ್ದ ಒಂದು ಸಣ್ಣ ಕಾರ್ಖಾನೆಯ ಗಾಳಾದಲ್ಲಿ ಈಗ ಈ ಕಂಪನಿ. ಅಲ್ಲಿ ಎಲ್ಲರ ಮೇಲೆ ಅನಿಲಕುಮಾರ. ಧಾರವಾಡದವನು. ತಾನು ಬರೆದದ್ದನ್ನು ತಾನೇ ಮೆಚ್ಚಿಕೊಂಡು ಓದುವ ಜಾತಿ.

ಇನ್ನು ಅವನು ಮಾಡಿದ್ದನ್ನು ಹೇಳುತ್ತೇನೆ. ಕಷ್ಟವಿಲ್ಲ, ಕೇಳಿ.

ಡೇಟಾಬೇಸಿನಲ್ಲಿ ಲಕ್ಷಗಟ್ಟಲೆ ದಾನಿಗಳಿದ್ದರು. ಅನಿಲಕುಮಾರ ಒಂದು ಫಂಕ್ಷನ್ ಬರೆದ. ಅದಕ್ಕೆ ದಾನಿಯ ನಂಬರು ಕೊಟ್ಟರೆ, ಈ ದಿನ ಆತ ರಕ್ತ ಕೊಡಬಲ್ಲನೋ ಇಲ್ಲವೋ ನೋಡುತ್ತದೆ. ಕೊನೆಯ ಸಲ ಕೊಟ್ಟು ಎಷ್ಟು ದಿನವಾಯಿತು, ತೀರಿಕೊಂಡವರ ಪಟ್ಟಿಯಲ್ಲಿ ಇದ್ದಾನೋ, ಎಲ್ಲ. ಕೊಡಬಲ್ಲವನಾದರೆ ರಕ್ತದ ಗುಂಪು ಹೇಳುತ್ತದೆ. ಇಲ್ಲವಾದರೆ ಖಾಲಿ. ಒಳ್ಳೆಯ ಫಂಕ್ಷನ್ನೇ. ಆದರೆ ಪ್ರತಿ ಹುಡುಕಾಟಕ್ಕೂ ಲಕ್ಷ ಜನರನ್ನೂ ಒಬ್ಬೊಬ್ಬರಾಗಿ ಕೇಳಬೇಕು. ನಿಧಾನವಾಯಿತು. ಟ್ರಸ್ಟಿನವರು ಗೊಣಗಿದರು.

ಆಗ ಇವನು ಆ ಫಂಕ್ಷನ್ನಿನ ಉತ್ತರಗಳ ಮೇಲೇ ಒಂದು ಇಂಡೆಕ್ಸ್ ಕಟ್ಟಲು ಹೊರಟ. ಇಂಡೆಕ್ಸ್ ಎಂದರೆ ಬಿಲ್ಡಿಂಗಿನ ಕೆಳಗೆ ಹಾಕುವ ಹೆಸರಿನ ಬೋರ್ಡಿನ ಹಾಗೆ. ಯಾವ ಫ್ಲಾಟಿನಲ್ಲಿ ಯಾರೆಂದು ತಿಳಿಯಲು ಪ್ರತಿ ಮಹಡಿ ಹತ್ತಿ ಬಾಗಿಲು ಬಡಿಯಬೇಕಿಲ್ಲ, ಬೋರ್ಡು ನೋಡಿದರೆ ಸಾಕು. ಆದರೆ ಮೇಲೆ ಬಾಡಿಗೆದಾರ ಬದಲಾದದ್ದು ಬೋರ್ಡಿಗೆ ತಾನಾಗಿ ತಿಳಿಯುವುದಿಲ್ಲ.

ಡೇಟಾಬೇಸ್ ಇಷ್ಟು ತಿಳಿಯದ ಪೆದ್ದಲ್ಲ. ಅದು ಒಪ್ಪಲಿಲ್ಲ. ಒಂದೇ ಪ್ರಶ್ನೆಗೆ ಎಂದೆಂದಿಗೂ ಒಂದೇ ಉತ್ತರ ಕೊಡುವ ಫಂಕ್ಷನ್ನಾದರೆ ಮಾತ್ರ ಇಂಡೆಕ್ಸ್ ಕಟ್ಟುತ್ತೇನೆ, ಹಾಗೆಂದು ನೀನು ಬರೆದುಕೊಡು ಎಂದಿತು. ಅದಕ್ಕೆಂದೇ ಒಂದು ಪದವಿದೆ, ಫಂಕ್ಷನ್ನಿನ ತಲೆಯ ಮೇಲೆ ಬರೆಯಬೇಕು. ಅದೊಂದು ಆಣೆ. ನಿಜವೋ ಸುಳ್ಳೋ ಎಂದು ಯಂತ್ರ ಪರೀಕ್ಷಿಸುವುದಿಲ್ಲ. ಬರೆದವನನ್ನು ನಂಬುತ್ತದೆ.

ದಿನಕ್ಕೊಂದು ಉತ್ತರ ಕೊಡುವ ಫಂಕ್ಷನ್ನಿನ ಮೇಲೆ ಅನಿಲಕುಮಾರ ಆ ಪದ ಬರೆದ. ಬರೆದು ಚಹಾ ಕುಡಿಯಲು ಹೋದ.

ಹುಡುಕಾಟ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯತೊಡಗಿತು. ಟ್ರಸ್ಟಿನವರು ಪೇಢೆ ಕಳಿಸಿದರು.

ಇಂಡೆಕ್ಸಿನಲ್ಲಿ ಒಬ್ಬ ದಾನಿಯ ಉತ್ತರ ಬದಲಾಗುವುದು ಅವನ ವಿವರ ಬರೆದ ಸಾಲನ್ನು ಯಾರಾದರೂ ಮುಟ್ಟಿದಾಗ ಮಾತ್ರ. ಟ್ರಸ್ಟಿನ ಪದ್ಧತಿ ಏನೆಂದರೆ, ಶಿಬಿರದಲ್ಲಿ ರಕ್ತ ತೆಗೆದುಕೊಂಡು, ಅಲ್ಲೇ ಮಲಗಿದವನ ಹೆಸರು ನಂಬರು ಬರೆದುಕೊಳ್ಳುವುದು. ಹಳಬನಾದರೆ ಅವನ ಸಾಲು ತಿದ್ದುವುದು. ಅಂದರೆ ಸಾಲು ಮುಟ್ಟುವ ದಿನವೇ ಅವನು ಕೊಡಲಾರದವನು, ಏಕೆಂದರೆ ಈಗಷ್ಟೇ ಕೊಟ್ಟಿದ್ದಾನೆ. ಫಂಕ್ಷನ್ ಆ ದಿನ ಸರಿಯಾಗಿಯೇ ಖಾಲಿ ಎಂದಿತು. ಇಂಡೆಕ್ಸ್ ಅದನ್ನು ಬರೆದಿಟ್ಟುಕೊಂಡಿತು. ಮೂರು ತಿಂಗಳಾಯಿತು, ಮೂರು ವರ್ಷವಾಯಿತು, ಅದೇ ಖಾಲಿ. ಹೀಗೆ ರಕ್ತ ಕೊಟ್ಟವರೆಲ್ಲ ಒಬ್ಬೊಬ್ಬರಾಗಿ ಮಾಯವಾದರು. ಬೇರೆ ಗುಂಪುಗಳಲ್ಲಿ ಜನ ಬೇಕಾದಷ್ಟಿದ್ದಾರೆ, ಯಾರಿಗೂ ಕೊರತೆ ಕಾಣಲಿಲ್ಲ. ಬಾಂಬೆ ಗುಂಪಿನಲ್ಲಿ ಒಂದು ಹೆಸರು ಉಳಿಯಿತು. ಬಸಲಿಂಗವ್ವ. ಇಂಡೆಕ್ಸ್ ಕಟ್ಟಿದ ದಿನ ಅವಳು ಬದುಕಿದ್ದಳು, ಕೊಡಬಲ್ಲವಳಾಗಿದ್ದಳು. ಮುಂದಿನ ಸಲ ಕೊಡುವ ಮೊದಲೇ ಸತ್ತಳು. ಸತ್ತದ್ದನ್ನು ಬೇರೆ ಪಟ್ಟಿಯಲ್ಲಿ ಬರೆದರು. ಅವಳ ಸಾಲನ್ನು ಯಾರೂ ಮುಟ್ಟಲಿಲ್ಲ.

ಬಾವಿಯ ಕಟ್ಟೆಯ ಮೇಲೆ ಅವಳು ಕೇಳಿದ್ದು ಇದನ್ನೇ.

ಗುರುಬಸವ ಹೇಡಿ ಇರಬಹುದು, ದಡ್ಡನಲ್ಲ. ಬೆಳಗಾಗುವಷ್ಟರಲ್ಲಿ ಆ ಪ್ರಶ್ನೆ ಅವನ ತಲೆಯಲ್ಲಿ ಕುಳಿತಿತ್ತು. ಶನಿವಾರ ಆಫೀಸಿಗೆ ಹೋದವನೇ, ಪರೀಕ್ಷೆಗೆಂದು ಇಟ್ಟಿದ್ದ ಕಾಪಿಯಲ್ಲಿ ಒಬ್ಬ ಸುಳ್ಳು ದಾನಿಯನ್ನು ಹುಟ್ಟಿಸಿದ. ಅವನಿಂದ ಅವತ್ತೇ ರಕ್ತ ಕೊಡಿಸಿದ. ಯಂತ್ರದ ತಾರೀಕನ್ನು ಅರ್ಧ ವರ್ಷ ಮುಂದೆ ತಳ್ಳಿದ. ಇಂಡೆಕ್ಸ್ ಬಳಸಿ ಹುಡುಕಿದರೆ ದಾನಿ ಇಲ್ಲ. ಇಂಡೆಕ್ಸ್ ಬಿಟ್ಟು ಹುಡುಕಿದರೆ ಇದ್ದಾನೆ. ಮತ್ತೆ ಮಾಡಿದ. ಮತ್ತೆ ಅದೇ.

ಅನಿಲಕುಮಾರನ ಮೇಜಿನ ಮುಂದೆ ಹೋಗಿ ನಿಂತ.

"ಸರ್, ನಮ್ಮ ಇಂಡೆಕ್ಸ್ ಸುಳ್ಳ ಹೇಳ್ತೈತ್ರಿ."

"ಇಂಡೆಕ್ಸ್ ಸುಳ್ಳ ಹೇಳ್ತೈತಿ. ಡೇಟಾಬೇಸ್ ಅಳ್ತೈತಿ. ಮತ್ತೇನ?"

"ಕೊಡಾಕ ಬರೋ ದಾನಿಗಳು ಅದಾರ್ರಿ. ನಮಗ ಕಾಣವಲ್ರು. ಸತ್ತಾಕಿ ಕಾಣಾಕತ್ತಾಳ."

"ಯಾಕಿ?"

"ಬಸಲಿಂಗವ್ವ ಅಂತ್ರಿ. ಟ್ರಸ್ಟಿನ್ಯಾವ್ರು ದಿನಾ ಫೋನ್ ಮಾಡ್ತಾರ."

"ಆಕಿ ಸಾಲು ಡಿಲೀಟ್ ಮಾಡು. ಕಂಪ್ಲೇಂಟ್ ಕ್ಲೋಸ್."

"ಹಂಗ ಮಾಡಿದ್ರ ಬಾಂಬೆ ಗುಂಪಿನಾಗ ಒಂದೂ ಹೆಸರು ಉಳಿಯಂಗಿಲ್ರಿ. ಖರೇ ಇದ್ದಾವ್ರನ್ನ ಹುಡುಕಬೇಕಂದ್ರ ಚಾಲೂ ಮಶೀನಿನ್ಯಾಗ ಇಂಡೆಕ್ಸ್ ಬಿಟ್ಟು ಹುಡುಕಬೇಕ್ರಿ. ಒಂದs ಸಲ."

ಅನಿಲಕುಮಾರ ಕುರ್ಚಿ ಹಿಂದಕ್ಕೆ ಸರಿಸಿದ. ಕಿರ್ರ್... ಎಂದಿತು.

"ಇವತ್ತು ಫೋರ್ಟ್‌ನ್ಯಾಗ ಅವರ ಶಿಬಿರ ನಡದೈತಿ. ಲಕ್ಷ ಸಾಲಿನ ಮ್ಯಾಲ ಫಂಕ್ಷನ್ ಓಡಿಸಿದ್ರ ಸಿಸ್ಟಮ್ ನಿಂದರತೈತಿ. ನಿಂತ್ರ ಯಾರ ಮಾರಿ ಹೋಗೂದು?"

"ಸೋಮವಾರ ಆಪರೇಷನ್ ಐತ್ರಿ. ರಕ್ತ ಇಲ್ಲಂದ್ರ ಆಕಿ ಉಳಿಯಂಗಿಲ್ಲ."

"ನಿಮ್ಮ ಪೈಕಿ ಏನು?"

"ಅಲ್ರಿ. ಬಾಜೂ ಖೋಲಿ."

"ಹಂಗಾರ ಬಾಜೂ ಖೋಲಿಗೆ ಹೋಗಿ ಕುಂತು ಅಳು. ಇಲ್ಲಿ ಕೆಲಸ ಮಾಡು. ಆ ಇಂಡೆಕ್ಸ್ ಕಟ್ಟಿದಾಂವ ನಾ. ನಿನಗ ಡೇಟಾಬೇಸ್ ಅಂದ್ರ ಏನಂತ ಕಲಿಸಿದಾಂವನೂ ನಾನs."

ಆಗ ಕೇಳಿಸಿತು.

ಟಪ್... ಟಪ್... ಟಪ್...

ಹಗಲು. ಟ್ಯೂಬ್‌ಲೈಟು ಉರಿಯುತ್ತಿತ್ತು. ಸುತ್ತ ಎಂಟು ಹತ್ತು ಜನ ಕೆಲಸ ಮಾಡುತ್ತಿದ್ದರು. ಸಪ್ಪಳ ಸರ್ವರ್ ಇಟ್ಟ ಗಾಜಿನ ಕೋಣೆಯಿಂದ ಬರುತ್ತಿತ್ತು.

"ಏನದು?" ಅನಿಲಕುಮಾರನ ದನಿ ಸಣ್ಣದಾಯಿತು.

"ರೊಟ್ಟಿ ಬಡಿಯೋ ಸಪ್ಪಳ್ರಿ," ಗುರುಬಸವ ಪಿಸುಗುಟ್ಟಿದ.

"ಹುಚ್ಚು... ಎಸಿ ನೀರು ಸೋರಾಕತ್ತೈತಿ."

ಆ ಕೋಣೆಯ ಎಸಿ ಕೆಟ್ಟು ವಾರವಾಗಿತ್ತು. ಎರಡು ಟೇಬಲ್ ಫ್ಯಾನು ಇಟ್ಟಿದ್ದರು. ಹಾಗೆ ಇಡಲು ಹೇಳಿದವನೇ ಅನಿಲಕುಮಾರ. ಅದು ಅವನಿಗೂ ನೆನಪಾಗಿರಬೇಕು. ಎದ್ದು, ಯಾರ ಮುಖವನ್ನೂ ನೋಡದೆ, ಸಿಗರೇಟು ಸೇದಲು ಹೊರಗೆ ಹೋದ. ಇಂಥವರು ಕಾಣದ್ದಕ್ಕೆ ಹೆದರುತ್ತಾರೆ. ತಾವು ಕೈಯಾರೆ ಮಾಡಿದ್ದಕ್ಕೆ ಹೆದರುವುದಿಲ್ಲ.

ಗುರುಬಸವ ಕುಳಿತ. ಚಾಲೂ ಯಂತ್ರದಲ್ಲಿ ಇಂಡೆಕ್ಸ್ ತೆಗೆಯುವ ಅಧಿಕಾರ ಅವನಿಗಿರಲಿಲ್ಲ. ಆದರೆ ಇಂಡೆಕ್ಸನ್ನು ಬಳಸಬೇಡ ಎಂದು ಹೇಳಿ ಹುಡುಕುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಒಂದು ಸಾಲು ಬರೆದ. ಎಂಟರ್ ಒತ್ತಿದ.

ಯಂತ್ರ ಗುಂಯ್... ಎಂದು ದನಿ ಏರಿಸಿತು. ಉತ್ತರವಿಲ್ಲ. ಕಾದ. ಫೋರ್ಟ್‌ನ ಶಿಬಿರದಲ್ಲಿ ಪರದೆಗಳು ನಿಂತವು. ಆಫೀಸಿನ ಫೋನು ಟ್ರಿಣ್ ಎಂದಿತು. ಇನ್ನೊಂದು ಮೇಜಿನ ಫೋನು. ಮತ್ತೊಂದು. ಯಾರೋ "ಅರೇ, ಸರ್ವರ್ ಗಯಾ ಕ್ಯಾ?" ಎಂದು ಕೂಗಿದರು. ಅನಿಲಕುಮಾರ ಒಳಗೆ ಓಡಿ ಬಂದ.

"ಯಾರದು? ಏ ಗುರುಬಸವ! ತಗಿ ಕೈ! ತಗೀ ಅಂದ್ನೆಲ್ಲ!"

ಗುರುಬಸವ ಕೀಬೋರ್ಡಿನ ಮೇಲೆ ಎರಡೂ ಕೈ ಅಡ್ಡ ಇಟ್ಟು ಬಗ್ಗಿ ಕುಳಿತ, ಊಟದ ತಾಟು ಕಾಯುವ ಹುಡುಗನ ಹಾಗೆ. ಅನಿಲಕುಮಾರ ಅವನ ಕಾಲರ್ ಹಿಡಿದು ಎಳೆದ. ಗುಂಡಿ ಹಾರಿ ನೆಲದ ಮೇಲೆ ಟಿಕ್ ಟಿಕ್ ಎಂದು ಉರುಳಿತು.

ಅಷ್ಟರಲ್ಲಿ ಪರದೆಯ ಮೇಲೆ ಹೆಸರುಗಳು ಬಂದವು.

ಬದುಕಿದ್ದವರು. ನಾಸಿಕದವನೊಬ್ಬ. ಕೊಲ್ಹಾಪುರದವನೊಬ್ಬ. ಇನ್ನೂ ಕೆಲವರು, ದೂರದವರು. ಮುಂಬಯಿಯವನು ಒಬ್ಬನೇ... ಮೋನಪ್ಪ. ಕೆಲಸ ಫೋರ್ಟ್‌ನ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ. ಟ್ರಸ್ಟಿನ ಬಾಗಿಲಲ್ಲಿ ನಿಂತು ಕೂಗಿದರೆ ಕೇಳುವಷ್ಟು ಹತ್ತಿರ.

ಬಸಲಿಂಗವ್ವ ಆ ಹೆಸರುಗಳಲ್ಲಿ ಇರಲಿಲ್ಲ.

ಗುರುಬಸವ ರಸ್ತೆಗೆ ಬಂದು ಫೋನು ಮಾಡಿದ. ಆ ಕಡೆ ಪಾತ್ರೆಗಳ ಸದ್ದು, ದೋಸೆಯ ಚುಂಯ್.

"ಎಂತ ಮಾರಾಯ್ರೆ, ರಕ್ತವಾ? ಈಗ ನೆನಪಾಯ್ತಾ ನಿಮಗೆ? ನಾನು ಕೊಟ್ಟು ಮೂರು ವರ್ಷ ಆಯ್ತು. ಆವತ್ತು ಆ ಮೇಡಮ್ಮು, ನಿಮ್ಮದು ಬಂಗಾರದಂಥ ರಕ್ತ, ನಾವೇ ಕರೀತೇವೆ ಅಂತ ಹೇಳಿದ್ದು. ಒಂದು ಮಿಸ್ ಕಾಲ್ ಸಹ ಇಲ್ಲ. ನನ್ನ ರಕ್ತ ಕೆಟ್ಟುಹೋಯ್ತಾ ಅಂತ ಮಾಡಿದ್ದೆ."

"ಕೆಟ್ಟಿಲ್ರಿ. ನಮ್ಮ ತಲಿ ಕೆಟ್ಟಿತ್ತು. ಬರ್ತೀರೇನ್ರಿ?"

"ಬರುದೇ. ನಾಳೆ ಆದಿತ್ಯವಾರ, ಆಫೀಸಿನವರಿಲ್ಲ, ಗಿರಾಕಿ ಕಡಿಮೆ. ಆಸ್ಪತ್ರೆ ಎಲ್ಲುಂಟು ಹೇಳಿ."

ಭಾನುವಾರ ಮೋನಪ್ಪ ಬಂದ, ಮಲಗಿದ, ಕೊಟ್ಟ, ಕಾಫಿ ನೀರು ನೀರಾಗಿದೆ ಎಂದು ಬೈದು ಹೋದ. ಕೊಲ್ಹಾಪುರದವನೂ ಬರುತ್ತೇನೆ ಎಂದ. ರಾತ್ರಿ ಬಸ್ಸು ಹಿಡಿಯುವುದಾಗಿ ಹೇಳಿದ.

ಆಫೀಸಿನಲ್ಲಿ ಏನಾಯಿತೆಂದು ಕೇಳುತ್ತೀರಿ. ಗುರುಬಸವನನ್ನು ಅದೇ ಸಂಜೆ ಮನೆಗೆ ಕಳಿಸಿದರು. ಆಮೇಲೆ ಟ್ರಸ್ಟಿನವರು, ಒಮ್ಮೆಲೇ ಇಷ್ಟು ಹೆಸರು ಎಲ್ಲಿಂದ ಬಂದವು ಎಂದು ಕೇಳಿದಾಗ, ಅನಿಲಕುಮಾರ ಇಂಡೆಕ್ಸ್ ಕಿತ್ತುಹಾಕಿದ. ಬೇರೆ ಕಟ್ಟಿದ. ಈ ಸಲ ರಕ್ತದ ಗುಂಪು, ಕೊನೆಯ ಸಲ ಕೊಟ್ಟ ತಾರೀಕು, ಇವೆರಡರ ಮೇಲೆ ಮಾತ್ರ. ಎರಡೂ ಆ ಸಾಲಿನಲ್ಲೇ ಇರುವಂಥವು, ತಾವಾಗಿ ಬದಲಾಗದಂಥವು. ಈ ದಿನ ಯಾವುದು ಎಂಬುದನ್ನು ಹುಡುಕುವಾಗ ಕೇಳಿದರೆ ಸಾಕು. ಸತ್ತ ಗುರುತೂ ಆ ಸಾಲಿನಲ್ಲೇ. ಇದರಲ್ಲಿ ಫಂಕ್ಷನ್ ಬೇಕಾಗಿಯೇ ಇರಲಿಲ್ಲ. ಬೇಕೆನ್ನುವವರು, ತನಗೆ ಕೊಟ್ಟ ಮಾಹಿತಿಯನ್ನು ಬಿಟ್ಟು ಬೇರೇನನ್ನೂ ನೋಡದ ಫಂಕ್ಷನ್ ಬರೆಯಬೇಕು. ಫಂಕ್ಷನ್ ತಿದ್ದಿದರೆ ಇಂಡೆಕ್ಸನ್ನೂ ಮತ್ತೆ ಕಟ್ಟಬೇಕು. ಇದೇನು ಗುಪ್ತ ವಿದ್ಯೆಯಲ್ಲ. ಕೈಪಿಡಿಯಲ್ಲಿ ದಪ್ಪ ಅಕ್ಷರದಲ್ಲಿದೆ. ಗುರುಬಸವ ಶನಿವಾರವೇ ಇದನ್ನೆಲ್ಲ ಬರೆದು ಅವನಿಗೆ ಮೇಲ್ ಮಾಡಿದ್ದ. ಅನಿಲಕುಮಾರ ತನ್ನ ಹೆಸರು ಹಾಕಿ ಟ್ರಸ್ಟಿಗೆ ಕಳಿಸಿದ. ಅವರು ಮತ್ತೆ ಪೇಢೆ ಕಳಿಸಿದರು.

ಇರಲಿ. ಅವನ ಬಗ್ಗೆ ಇಷ್ಟು ಹೇಳಿದ್ದೇ ಹೆಚ್ಚಾಯಿತು.

ಸೋಮವಾರ ಆಪರೇಷನ್ ಆಯಿತು. ಗಂಡು ಮಗು. ಮಗು ಅತ್ತದ್ದು ಹೊರಗೆ ಕೇಳಿಸಿತು. ಆಮೇಲೆ ಬಹಳ ಹೊತ್ತು ಬಾಗಿಲು ತೆರೆಯಲಿಲ್ಲ. ಡಾಕ್ಟರು ಬಂದಾಗ ಅವರ ಮುಖ ಸರಿಯಿರಲಿಲ್ಲ. ರಕ್ತ ನಿಲ್ಲುತ್ತಿಲ್ಲ, ಮೋನಪ್ಪನ ಚೀಲ ಹಾಕುತ್ತಿದ್ದೇವೆ, ಇನ್ನೊಂದು ಬೇಕು ಎಂದರು. ಇನ್ನೊಂದು ಇರಲಿಲ್ಲ. ಕೊಲ್ಹಾಪುರದವನ ಬಸ್ಸು ಘಾಟಿನಲ್ಲಿ ಮಣ್ಣು ಕುಸಿದು ನಿಂತಿತ್ತು. ಮೋನಪ್ಪ ಓಡಿ ಬಂದು, ಇನ್ನೊಂದು ಕೈಯಿಂದ ತೆಗೆಯಿರಿ ಎಂದು ಜಗಳ ತೆಗೆದ. ಅವರು ತೆಗೆಯಲಿಲ್ಲ, ತೆಗೆಯುವಂತಿಲ್ಲ. ಯಲ್ಲಾಲಿಂಗ ಗೋಡೆಗೆ ಹಣೆ ಹಚ್ಚಿ ನಿಂತ. ತಾನು ಕಟ್ಟಿದ ಗೋಡೆಯನ್ನು ನೋಡುವ ಹಾಗೆ ಅದನ್ನು ನೋಡಿದ.

ದಾನೇಶ್ವರಿಯನ್ನು ಒಳಗೆ ಪ್ರತ್ಯೇಕ ಕೋಣೆಯಲ್ಲಿ ಇಟ್ಟರು. ರಾತ್ರಿ ಕಳೆದರೆ ನೋಡೋಣ ಎಂದರು.

ರಾತ್ರಿ ಕಳೆಯಿತು.

ಬೆಳಗ್ಗೆ ಅವಳ ರಕ್ತ ಪರೀಕ್ಷಿಸಿ ಡಾಕ್ಟರು ವರದಿಯನ್ನು ಮತ್ತೊಮ್ಮೆ ಮಾಡಿಸಿದರು. ಎರಡನೆಯದೂ ಮೊದಲನೆಯ ಹಾಗೇ ಬಂತು. "ಒಂದು ಚೀಲದಲ್ಲಿ ಇಷ್ಟು ಏರುವುದಿಲ್ಲ," ಎಂದರು. ಆಮೇಲೆ, "ಗಟ್ಟಿ ಹೆಣ್ಣು," ಎಂದರು. ತಮಗೆ ಅರ್ಥವಾಗದ್ದಕ್ಕೆ ಡಾಕ್ಟರುಗಳು ಹೀಗೆ ಏನಾದರೊಂದು ಹೆಸರಿಡುತ್ತಾರೆ.

ಇನ್ನು ಮುಂದಿನದು ಗುರುಬಸವ ಹೇಳಿದ್ದಲ್ಲ. ನಾನೇ ಕಂಡದ್ದು.

ಗಂಜಿಯ ಡಬ್ಬಿ ಹಿಡಿದು ನಾನು ಆ ಕೋಣೆಗೆ ಹೋದೆ. ದಾನೇಶ್ವರಿ ಕಣ್ಣು ಬಿಟ್ಟು ಮಲಗಿದ್ದಳು. ತುಟಿಗೆ ಬಣ್ಣ ಬಂದಿತ್ತು.

"ಹೆಂಗದೀಯೇ?" ಎಂದೆ.

"ಹಸಿವಿ ಆಗೇತಿ," ಎಂದಳು.

ರಾತ್ರಿಪಾಳಿಯ ನರ್ಸು ಹರಿಣಿ, ಮಂಗಳೂರಿನ ಹುಡುಗಿ, ಮಂಚದ ಪಕ್ಕದ ಸ್ಟ್ಯಾಂಡಿನಿಂದ ಖಾಲಿ ಚೀಲ ಬಿಚ್ಚುತ್ತಿದ್ದಳು. ಬಿಚ್ಚಿ ತಟ್ಟೆಯಲ್ಲಿಟ್ಟಳು. ಆಮೇಲೆ ಮತ್ತೆ ಕೈ ಮೇಲೆತ್ತಿ ಇನ್ನೊಂದನ್ನು ಬಿಚ್ಚಿದಳು. ಬಿಚ್ಚಿದವಳ ಕೈ ಅಲ್ಲೇ ನಿಂತಿತು.

"ಎಷ್ಟು ಹಾಕಿದ್ರಿ?" ಎಂದು ಕೇಳಿದೆ.

"ಒಂದು."

"ತೆಗೆದದ್ದು?"

ಅವಳು ಅದನ್ನೂ ತಟ್ಟೆಯಲ್ಲಿಟ್ಟಳು. ತಟ್ಟೆಯಲ್ಲಿ ಎರಡು ಖಾಲಿ ಚೀಲ. ಒಂದಕ್ಕೆ ಲೇಬಲ್ ಇತ್ತು, ಮೋನಪ್ಪನ ದಾನಿ ನಂಬರು. ಇನ್ನೊಂದಕ್ಕೆ ಲೇಬಲ್ ಇರಲಿಲ್ಲ. ಲೇಬಲ್ ಇಲ್ಲದ ಚೀಲವನ್ನು ಯಾವ ನರ್ಸೂ ಹಚ್ಚುವುದಿಲ್ಲ. ನಾನು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಮತ್ತೆ ನೋಡಿದೆ. ಎರಡೇ.

ಹರಿಣಿಯನ್ನು ಈಗಲೂ ಕೇಳಬಹುದು. ಹಾಕಿದ್ದು ಒಂದೇ ಎಂದು ಆಣೆ ಮಾಡುತ್ತಾಳೆ. ಬಿಚ್ಚಿದ್ದೆಷ್ಟು ಎಂದರೆ ಎದ್ದು ಹೋಗುತ್ತಾಳೆ.

ಕಸದ ಗಾಡಿ ಬರುವ ಮೊದಲು ನಾನು ಎರಡನ್ನೂ ಮುಟ್ಟಿ ನೋಡಿದೆ. ಕೋಣೆಯಲ್ಲಿ ಎಸಿ ಇತ್ತು, ನನ್ನ ಬೆರಳು ಮರಗಟ್ಟುವಷ್ಟು ಚಳಿ. ಮೋನಪ್ಪನ ಚೀಲ ತಣ್ಣಗಿತ್ತು. ಅದು ಹಾಗೇ ಇರಬೇಕು.

ಇನ್ನೊಂದು ಬೆಚ್ಚಗಿತ್ತು. ನಾನೇ ಮುಟ್ಟಿದ್ದೇನೆ.